ಪೆನ್ಸಿಲ್ಲಿಗಿಲ್ಲದ ತೆರಿಗೆ ಪೆನ್ನಿಗೇಕೆ?



ಕಳೆದ ಶನಿವಾರ ಮುಂಜಾನೆಯ ಶಾಲೆ ಮುಗಿಸಿ, ಮಕ್ಕಳಿಗೆ ಬೇಕಾದ ಕೆಲವು ಸಾಮಾನುಗಳನ್ನು ಕೊಳ್ಳಲೆಂದು ನಾವು ವಿಶ್ರಾಮಬಾಗದ ಅಂಗಡಿಯೊಂದಕ್ಕೆ ಹೋಗಿದ್ದೆವು. ಏಳನೆಯ ಇಯತ್ತೆಯ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ತಂದೆಯೊಡನೆ ಅಲ್ಲಿಗೇ ಬಂದಿದ್ದನು. ಅಂಗಡಿಯವರು ಕೊಟ್ಟ ಪಾವತಿಯನ್ನು ಹುಡುಗನು ಎರಡೆರಡು ಸಲ ಓದಿ ನಮ್ಮ ಬಳಿಗೆ ಬಂದು, “ಸರ, ವಹಿಗೆ ತೆರಿಗೆ ಇಲ್ಲ, ಪೆನ್ಸಿಲ್ಲಿಗೆ ಇಲ್ಲ. ಕಂಪಾಸ ಪೆಟ್ಟಿಗೆಗೆ ನೂರಕ್ಕೆ ಐದು, ಪೆನ್ನಿಗೆ ಹದಿನೆಂಟು. ಹಿಂಗ್ಯಾಕ್ರಿ?” ಎಂದು ಕೇಳಿದನು. ಮೂವತ್ತು ವರ್ಷ ಲೆಕ್ಕ ಕಲಿಸಿದ ನಮಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಸೋಮವಾರ ಹೇಳುವೆವೆಂದು ಸಮಾಧಾನಪಡಿಸಿ ಮನೆಗೆ ಬಂದೆವು. ಹುಡುಗನಿಗೆ ಹೇಳುವ ಮೊದಲು ನಿಮ್ಮ ಮುಂದೆ ಹೇಳಿ ನೋಡುತ್ತೇವೆ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ದೇಶಕ್ಕೆಲ್ಲ ಒಂದೇ ತೆರಿಗೆಯೆಂಬ ಮಾತು ಎಲ್ಲೆಡೆ ಕೇಳಿಬಂದಿತು. ಆದರೆ ದರಗಳು ಮಾತ್ರ 5, 12, 18, 28 ಎಂದು ಮುಖ್ಯವಾಗಿ ನಾಲ್ಕಾದವು. 2025ರ ಸೆಪ್ಟೆಂಬರ್ 22ರಿಂದ ಅವುಗಳನ್ನು 5 ಮತ್ತು 18 ಎಂಬ ಎರಡಕ್ಕೆ ಇಳಿಸಿ, ಕೆಲವೇ ಪದಾರ್ಥಗಳಿಗೆ 40ರ ದರವನ್ನಿಟ್ಟರು. ವಹಿ, ಪೆನ್ಸಿಲ್, ರಬ್ಬರು, ನಕಾಶೆಗಳ ಮೇಲಿನ ತೆರಿಗೆ ಪೂರ್ತಿ ಹೋಯಿತು. ಸಂತೋಷದ ಸಂಗತಿಯೇ. ಆದರೆ ವಹಿಯ ತೆರಿಗೆ ತೆಗೆಯಲು ಅದರ ಕಾಗದದ ತೆರಿಗೆಯನ್ನೂ ತೆಗೆಯಬೇಕಾಯಿತು. ಅಂಥದೇ ಕಾಗದ ಬೇರೆ ಕೆಲಸಕ್ಕೆ ಹೋದರೆ 18. ಒಂದು ಗಂಟು ಬಿಚ್ಚಿದರೆ ಇನ್ನೊಂದು ಬೀಳುವುದು ಹೀಗೆ.

ನಮ್ಮ ಸಾಂಗಲಿಯ ಪೇಟೆಯನ್ನೇ ನೋಡಿರಿ. ಹಸಿ ಅರಿಷಿಣಕ್ಕೆ ತೆರಿಗೆಯಿಲ್ಲ, ಒಣಗಿದ್ದಕ್ಕೆ ನೂರಕ್ಕೆ ಐದು. ರೈತನು ತಾನೇ ಮಾರುವ ಒಣದ್ರಾಕ್ಷಿಗೆ ತೆರಿಗೆ ಇಲ್ಲವೆಂಬ ಮಾತನ್ನು ಸ್ಪಷ್ಟಪಡಿಸಲು ಜಿ.ಎಸ್.ಟಿ. ಮಂಡಳಿಯು 2024ರ ಡಿಸೆಂಬರಿನಲ್ಲಿ ಜೈಸಲ್ಮೇರದಲ್ಲಿ ಕುಳಿತು ಹೇಳಬೇಕಾಯಿತು. ಬಳ್ಳಿಯಲ್ಲಿದ್ದಾಗ ಬೆಳೆ, ಒಣಗಿದರೆ ಸರಕು! ಬಿಸಿಲಿಗೂ ತೆರಿಗೆಯುಂಟೇ ಎಂದು ರೈತನು ಕೇಳಿದರೆ ತಪ್ಪೇನು?

ಹಾಗಾದರೆ ಸರಳಗೊಳಿಸಲು ಅಡ್ಡಿಯೇನು? ನಮ್ಮ ತಿಳಿವಳಿಕೆಗೆ ನಿಲುಕಿದ ಕಾರಣಗಳು ಎರಡು. ಪ್ರತಿಯೊಂದು ವಿನಾಯಿತಿಗೂ ಒಬ್ಬ ಒಡೆಯನಿರುತ್ತಾನೆ. ಪ್ರತಿಯೊಂದು ತೆರಿಗೆಯನ್ನು ನಂಬಿ ಒಂದು ಸಂಸ್ಥೆ ಬದುಕಿರುತ್ತದೆ.

ಎರಡನೆಯದಕ್ಕೆ ಜಕಾತಿಯೇ ಸಾಕ್ಷಿ. ಬಾಲ್ಯದಲ್ಲಿ ತಂದೆಯವರೊಡನೆ ಚಕ್ಕಡಿಯಲ್ಲಿ ಕಾಳಿನ ಚೀಲ ಹೇರಿಕೊಂಡು ಪೇಟೆಗೆ ಬರುವಾಗ, ಊರ ಹೊರಗಿನ ನಾಕೆಯೊಂದರಲ್ಲಿ ಎತ್ತುಗಳ ಕೊರಳು ಬಿಚ್ಚಿ ತಾಸುಗಟ್ಟಲೆ ಕಾದದ್ದು ನಮಗಿನ್ನೂ ನೆನಪಿದೆ. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದಲ್ಲಿ, 1979ರಲ್ಲಿಯೇ ಜಕಾತಿ ಹೋಗಿ ಪ್ರವೇಶ ತೆರಿಗೆ ಬಂದಿತು. ಇತ್ತ ಮಹಾರಾಷ್ಟ್ರದ ಮಹಾನಗರಪಾಲಿಕೆಗಳಲ್ಲಿ ಅದು ಹಂತಹಂತವಾಗಿ ಹೋದದ್ದು 2010ರ ಅನಂತರ. ಮುಂಬಯಿಯಲ್ಲಂತೂ 2017ರವರೆಗೆ ಉಳಿಯಿತು. ಜಕಾತಿಯ ಸ್ಥಾನದಲ್ಲಿ ಬಂದ ಎಲ್.ಬಿ.ಟಿ. ವಿರುದ್ಧ 2013ರಲ್ಲಿ ವ್ಯಾಪಾರಿಗಳು ಅಂಗಡಿಗಳಿಗೆ ಬೀಗ ಹಾಕಿದರು. 2015ರ ಆಗಸ್ಟಿನಲ್ಲಿ 50 ಕೋಟಿ ರೂಪಾಯಿಗಿಂತ ಕಡಿಮೆ ವಹಿವಾಟಿನವರಿಗೆ ಅದೂ ರದ್ದಾಯಿತು. ನಾಕೆಯನ್ನು ಎಲ್ಲರೂ ಬೈದರು, ಆದರೆ ನಗರದ ಕಸಗುಡಿಸುವವರ ಪಗಾರವೂ ಬೀದಿದೀಪದ ಖರ್ಚೂ ಅದೇ ದುಡ್ಡಿನಿಂದ ನಡೆಯುತ್ತಿದ್ದವು. ಆದುದರಿಂದಲೇ 2017ರಲ್ಲಿ ಸ್ಥಳೀಯ ಸಂಸ್ಥೆಗಳ ನಷ್ಟ ತುಂಬಿಕೊಡಲು ರಾಜ್ಯವು ಬೇರೊಂದು ಕಾಯದೆಯನ್ನೇ ಮಾಡಬೇಕಾಯಿತು.

ದೇಶದ ಮಟ್ಟದಲ್ಲಿಯೂ ಕಥೆ ಇದೇ. 2006ರ ಅಂದಾಜುಪತ್ರಿಕೆಯಲ್ಲಿ ಚಿದಂಬರಂ ಅವರು 2010ರಿಂದ ಹೊಸ ತೆರಿಗೆಯೆಂದು ಸಾರಿದರು. 2011ರಲ್ಲಿ ಮಂಡಿಸಿದ ಮಸೂದೆ 2014ರಲ್ಲಿ ಲೋಕಸಭೆಯೊಡನೆ ಬಿದ್ದುಹೋಯಿತು. 2016ರಲ್ಲಿ ರಾಜ್ಯಗಳು ಒಪ್ಪಿಕೊಳ್ಳಲು ಮುಖ್ಯ ಕಾರಣ, ಅವುಗಳ ಆದಾಯವು ವರ್ಷಕ್ಕೆ ನೂರಕ್ಕೆ 14ರಂತೆ ಬೆಳೆಯದಿದ್ದರೆ ಕೊರತೆಯನ್ನು ಐದು ವರ್ಷ ತುಂಬಿಕೊಡುವ ವಚನ. ಆ ಅವಧಿ 2022ರ ಜೂನಿನಲ್ಲಿ ಮುಗಿಯಿತು. 2025ರಲ್ಲಿ ದರ ಇಳಿಸುವ ಮಾತು ಬಂದಾಗ ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಎಂಟು ರಾಜ್ಯಗಳು ‘ನಮ್ಮ ನಷ್ಟಕ್ಕೆ ಯಾರು ದಿಕ್ಕು?’ ಎಂದು ಕೇಳಿದವು. ಮಂಡಳಿಯಲ್ಲಿ ಕೇಂದ್ರದ ಮತದ ತೂಕ ಮೂರರಲ್ಲಿ ಒಂದು, ಎಲ್ಲ ರಾಜ್ಯಗಳದು ಸೇರಿ ಮೂರರಲ್ಲಿ ಎರಡು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಹೆಜ್ಜೆಯಿಡುವಂತಿಲ್ಲ. ಪೆಟ್ರೋಲು, ಡೀಸೆಲ್ಲು, ಮದ್ಯಗಳು ಇಂದಿಗೂ ಈ ತೆರಿಗೆಯ ಹೊರಗುಳಿದಿರುವುದು ರಾಜ್ಯಗಳ ಕೈಯಲ್ಲಿ ಉಳಿದಿರುವ ಬುತ್ತಿ ಅದೊಂದೇ ಎಂಬ ಅಂಜಿಕೆಯಿಂದ. ಮಿರಜದಿಂದ ಕಾಗವಾಡ ದಾಟಿದೊಡನೆ ಪೆಟ್ರೋಲಿನ ದರ ಬದಲಾಗುವ ಮರ್ಮವೂ ಇದೇ.

ಆದಾಯ ತೆರಿಗೆಯಲ್ಲಿ ಸ್ವಲ್ಪ ಆಶೆಯಿದೆ. 1961ರ ಕಾಯದೆಯ ಬದಲು 2025ರ ಹೊಸ ಕಾಯದೆ ಬಂದಿತು. 2026ರ ಏಪ್ರಿಲ್ 1 ಅದರ ಜಾರಿಯ ದಿನ. ಕಲಮುಗಳು 536, ಹಳೆಯದರಲ್ಲಿ 800ಕ್ಕೂ ಮಿಗಿಲಾಗಿದ್ದವು. ಆದರೆ 2020ರಲ್ಲಿ ಸುಲಭವಾಗಲೆಂದೇ ಎರಡನೆಯ ಪದ್ಧತಿಯೊಂದನ್ನು ತಂದಾಗ, ಹಳೆಯದನ್ನು ಬಿಡಲಿಲ್ಲ. ಅಂದಿನಿಂದ ಪ್ರತಿ ವರ್ಷ ನಮ್ಮ ಶಾಲೆಯ ಗುರುಗಳೆಲ್ಲ ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ, ಯಾವುದು ಲಾಭವೆಂದು ನಮ್ಮ ಮೇಜಿನ ಸುತ್ತ ಕುಳಿತು ಚರ್ಚಿಸುವುದು ವಾಡಿಕೆಯಾಯಿತು!

ಆದುದರಿಂದ ತೆರಿಗೆ ಸರಳವಾಗುವುದೇ ಎಂದು ಕೇಳಿದರೆ, ಆಗುತ್ತದೆ, ಆದರೆ ಕಳೆದುಕೊಳ್ಳುವವನಿಗೆ ಭರವಸೆ ಸಿಕ್ಕಾಗ ಮಾತ್ರ, ಅದೂ ಮೆಲ್ಲಗೆ, ಎಂಬುದು ನಮ್ಮ ನಮ್ರ ಅಭಿಪ್ರಾಯ.

ಗಡಿಯ ಈಚೆಗಿರುವ ನಾವು ಇನ್ನೊಂದು ಮಾತನ್ನು ಮರೆಯಬಾರದು. ಅಥಣಿಯ ಅಂಗಡಿಯಲ್ಲಿ ಸೀರೆ ಕೊಂಡರೆ ರಾಜ್ಯದ ಪಾಲು ಕರ್ನಾಟಕಕ್ಕೆ, ವಿಶ್ರಾಮಬಾಗದಲ್ಲಿ ಕೊಂಡರೆ ಮಹಾರಾಷ್ಟ್ರಕ್ಕೆ. ತವರಿನ ಮೇಲಿನ ಮಮತೆ ತಪ್ಪಲ್ಲ. ಆದರೆ ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಗಳ ಗುರುಗಳ ಪಗಾರ ಬರುವುದು ಈಚೆಯ ಬೊಕ್ಕಸದಿಂದ. ಪಾವತಿಯಿಲ್ಲದೆ ಕೊಂಡು ನಾಲ್ಕು ರೂಪಾಯಿ ಉಳಿಸಿದ ಕೈಯೇ, ಶಾಲೆಯ ಹಂಚು ಸೋರುತ್ತಿದೆಯೆಂದು ಅರ್ಜಿ ಬರೆಯುವುದು ಶೋಭಿಸದು. ತೆರಿಗೆ ಕಡಿಮೆಯಾಗಲೆಂದು ಕೇಳುವಾಗ, ಯಾರ ಪಾಲಿನಲ್ಲಿ ಕಡಿಮೆಯಾಗುತ್ತದೆಂದೂ ಕೇಳೋಣ.

ಸೋಮವಾರ ಹುಡುಗನಿಗೆ ಹೇಳುವುದು ಇಷ್ಟೇ: “ತಮ್ಮಾ, ಪೆನ್ಸಿಲ್ಲಿನ ತೆರಿಗೆಯನ್ನು ಎಲ್ಲರೂ ಕೂಡಿ ಬಿಟ್ಟುಕೊಟ್ಟರು, ಪೆನ್ನಿನದನ್ನು ಬಿಡಲು ಇನ್ನೂ ಒಮ್ಮತವಾಗಿಲ್ಲ. ನಿನ್ನ ಕೈಗೆ ಪೆನ್ನು ಬಂದಾಗ ನೀನೂ ಬರೆದು ಕೇಳು. ಆದರೆ ಪಾವತಿಯನ್ನು ಮಾತ್ರ ಇಂದಿನ ಹಾಗೆಯೇ ಎರಡು ಸಲ ಓದು.”