ಎರಡನೇ ಸಾಲು ಓದದ ಡಾಕ್ಟರು

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದಾಗ ಗೆಳೆಯನೊಬ್ಬನ ಫೋನು. ನಾವಿಬ್ಬರೂ ಇರುವುದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ. ಅವನ ಬೆಕ್ಕಿಗೆ ಎಫ್‌ಐವಿ ಇದೆಯಂತೆ. "ಇದು ಬೆಕ್ಕಿನ ಏಡ್ಸ್. ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋಣ, ಇಲ್ಲಾಂದ್ರೆ ಯಾವುದಾದರೂ ಶೆಲ್ಟರಿಗೆ ಬಿಡಿ" ಅಂದರಂತೆ ಡಾಕ್ಟರು. ಬೆಕ್ಕು ಮಾತ್ರ ಇವನ ತೊಡೆಯ ಮೇಲೆ ಗುರ್ ಗುರ್ ಅನ್ನುತ್ತಾ ಆರಾಮಾಗಿ ಕೂತಿದೆ!

ರಿಪೋರ್ಟು ಕಳಿಸು ಅಂದೆ. ಇದ್ದದ್ದೇ ಎರಡು ಸಾಲು. ಎಫ್‌ಐವಿ ಪಾಸಿಟಿವ್. ಕೆಳಗೇ, ಬೆಕ್ಕಿನ ಲ್ಯುಕೀಮಿಯಾ ವೈರಸ್ ನೆಗೆಟಿವ್. ಈ ಎರಡನೇ ಸಾಲಿನ ಬಗ್ಗೆ ಡಾಕ್ಟರು ತುಟಿ ಬಿಚ್ಚಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲೇ.

ಎಫ್‌ಐವಿ ಮೊದಲು ಪತ್ತೆಯಾದದ್ದು ಇದೇ ಸೀಮೆಯ ಪೆಟಲೂಮಾದ ಬೆಕ್ಕುಗಳಲ್ಲಿ, 1986ರಲ್ಲಿ. ಪತ್ತೆ ಮಾಡಿದವರು ಡೇವಿಸ್ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್ ಮತ್ತು ಜ್ಯಾನೆಟ್ ಯಮಾಮೋಟೊ. 1990ರಲ್ಲಿ ಪೆಡರ್ಸನ್ ತಂಡ ಇನ್ನೊಂದು ಪ್ರಯೋಗ ಪ್ರಕಟಿಸಿತು. ಲ್ಯುಕೀಮಿಯಾ ವೈರಸ್ ಮೊದಲೇ ಇದ್ದ ಬೆಕ್ಕುಗಳಿಗೂ ಇಲ್ಲದವಕ್ಕೂ ಎಫ್‌ಐವಿ ತಗುಲಿಸಿ ನೋಡಿದರು. ಇಲ್ಲದವಕ್ಕೆ ಕಾಯಿಲೆ ಹಗುರವಾಗಿ ಹೋಯಿತು. ಇದ್ದವಕ್ಕೆ ಜ್ವರ, ಭೇದಿ, ಊಟ ಬಿಟ್ಟು ಸೊರಗುವುದು... ಎಷ್ಟೋ ಸತ್ತೇ ಹೋದವು. ಎಫ್‌ಐವಿ ಅವುಗಳ ಮೈಯಲ್ಲಿ ಹೆಚ್ಚು ಅಂಗಗಳಿಗೆ ಹರಡಿತ್ತು. ಎರಡೂ ಕಡೆ ಹಾಕಿದ್ದು ಅದೇ ಎಫ್‌ಐವಿ ಸ್ವಾಮಿ! ಮೊದಲೇ ಮನೆ ಹೊಕ್ಕಿದ್ದ ವೈರಸ್ಸು ಕಾವಲುಗಾರರನ್ನು ಹೊಡೆದು ಮಲಗಿಸಿತ್ತು, ಅಷ್ಟೇ. ಹಾಗಿದ್ದ ಮೇಲೆ ಎರಡನೇ ಸಾಲು ಓದದೆ ಮೊದಲನೇ ಸಾಲಿಗೆ ಮರಣದಂಡನೆ ಬರೆಯುವುದು ಯಾವ ಸೀಮೆ ವೈದ್ಯ?

ಹಾಗಂತ ಎಫ್‌ಐವಿ ಸಾಧು ಅಂತ ನಾನು ಹೇಳುತ್ತಿಲ್ಲ. ಬೇರೆ ವೈರಸ್ಸಿಗೆ ಅದೂ ಬಾಗಿಲು ತೆಗೆಯುತ್ತದೆ. 1996ರ ಒಂದು ಅಧ್ಯಯನದಲ್ಲಿ ಬೆಕ್ಕಿನ ಕರುಳಿನ ಕೊರೋನಾವೈರಸ್ (ನಮಗೆ ಕಾಟ ಕೊಟ್ಟ ಕೋವಿಡ್ ಅಲ್ಲ, ಇದು ಬೇರೆ) ತಗುಲಿದಾಗ, ಎಫ್‌ಐವಿ ಇದ್ದ ಬೆಕ್ಕುಗಳು ಅದನ್ನು ಮಲದಲ್ಲಿ 10ರಿಂದ 100 ಪಟ್ಟು ಹೆಚ್ಚು ಹೊರಹಾಕಿದವು. ಅಂಥ 19 ಬೆಕ್ಕುಗಳಲ್ಲಿ 2ಕ್ಕೆ ಎಫ್‌ಐಪಿ ಎಂಬ ಭೀಕರ ಕಾಯಿಲೆಯೂ ಬಂತು. ಈಗ ಹೇಳಿ, ಹತ್ತಾರು ಬೆಕ್ಕು ಒಂದೇ ಮಣ್ಣಿನ ಟ್ರೇ ಬಳಸುವ ಶೆಲ್ಟರಿಗೆ ಇದನ್ನು ಬಿಡಿ ಅನ್ನುವುದು ಎಂಥಾ ಸಲಹೆ?

ಬರೀ ಪಾಸಿಟಿವ್ ಬಂತೆಂದು ಬೆಕ್ಕನ್ನು ಕೊಲ್ಲಬಾರದು ಅಂತ ಅಮೆರಿಕದ ಬೆಕ್ಕು ವೈದ್ಯರ ಸಂಘದ 2020ರ ಮಾರ್ಗಸೂಚಿಯೇ ಹೇಳುತ್ತದೆ. ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಮನೆಯೊಳಗೇ ಇಟ್ಟುಕೊಂಡು, ಬೀದಿ ಜಗಳ ತಪ್ಪಿಸಿದರೆ ಎಫ್‌ಐವಿ ಇರುವ ಬೆಕ್ಕು ವರ್ಷಾನುಗಟ್ಟಲೆ ಬದುಕುತ್ತದೆ. ಲ್ಯುಕೀಮಿಯಾಕ್ಕಂತೂ ಲಸಿಕೆಯೇ ಇದೆ.

ಗೆಳೆಯ ಶನಿವಾರ ಬೇರೆ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ. ರಿಪೋರ್ಟನ್ನು ಅವರ ಮುಂದಿಟ್ಟು ಎರಡನೇ ಸಾಲಿನ ಮೇಲೆ ಬೆರಳಿಡು ಅಂತ ಹೇಳಿದ್ದೇನೆ.