ಅಂಜಿಕೆ ಅಳಿಸುವುದಿಲ್ಲ, ಅಡಗುತ್ತದೆ

ಶೈಕ್ಷಣಿಕ ಮನೋವಿಜ್ಞಾನದ ಉತ್ತರಪತ್ರಿಕೆಗಳಲ್ಲಿ ಪಾವ್ಲೋವ್‌ನ ನಾಯಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ವಿಲೋಪನಕ್ಕೆ ಮಾತ್ರ ಒಂದೇ ಸಾಲು: ಆಹಾರ ಕೊಡದೆ ಬರೀ ಗಂಟೆ ಬಾರಿಸುತ್ತ ಹೋದರೆ ಅನುಬಂಧನ ಅಳಿಸಿಹೋಗುತ್ತದೆ. ಈ ಸಾಲು ಸರಿಯಲ್ಲ. ನಮ್ಮ ಪಾಠಾಭ್ಯಾಸದ ವ್ಯವಸ್ಥೆಯೂ ಇದೇ ನಂಬಿಕೆಯ ಮೇಲೆ ನಿಂತಿದೆ ಎಂಬುದು ನನ್ನ ತಕರಾರು.

ನಾಯಿಯ ಜೊಲ್ಲು ನಿಂತ ಮೇಲೂ ಸ್ವಲ್ಪ ಬಿಡುವು ಕೊಟ್ಟು ಗಂಟೆ ಬಾರಿಸಿದರೆ ಮತ್ತೆ ಜೊಲ್ಲು ಸುರಿಯುವುದನ್ನು ಪಾವ್ಲೋವ್ ಕಂಡಿದ್ದ. ಇದೇ ಸ್ವಯಂ ಚೇತರಿಕೆ. ಹಾಗಾಗಿ ಅವನು ವಿಲೋಪನವನ್ನು ಅಳಿಸುವಿಕೆ ಎನ್ನದೆ ಪ್ರತಿಬಂಧ, ಅಂದರೆ ತಡೆಹಿಡಿಯುವಿಕೆ ಎಂದ. ಮಿದುಳಿನ ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ಅಂಜಿಕೆಯ ನೆನಪು ಅಮಿಗ್ಡಲದಲ್ಲಿ ಉಳಿದಿರುತ್ತದೆ. 'ಈಗ ಅಪಾಯವಿಲ್ಲ' ಎಂಬ ಹೊಸ ಕಲಿಕೆಯ ಬಲದಿಂದ ಮಿದುಳಿನ ಮುಂಭಾಗದ ಪ್ರಿಫ್ರಂಟಲ್ ಕಾರ್ಟೆಕ್ಸ್ ಅದನ್ನು ತಡೆಯುತ್ತದೆ. ಇಲಿಗಳಲ್ಲಿ ಈ ಭಾಗದ ನರಕೋಶಗಳು ವಿಲೋಪನವನ್ನು ನೆನಪಿಸಿಕೊಳ್ಳುವಾಗ ಚುರುಕಾಗುವುದನ್ನು ಮಿಲಾದ್ ಮತ್ತು ಕ್ವಿರ್ಕ್ 2002ರಲ್ಲಿ ತೋರಿಸಿದರು. ಹಮ್ಮಿಗಿಯ ಬ್ಯಾರೇಜ್ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗೇಟು ಇಳಿಸಿದರೆ ತುಂಗಭದ್ರೆ ಬತ್ತುವುದಿಲ್ಲ. ನೀರು ಗೇಟಿನ ಹಿಂದೆ ನಿಂತಿರುತ್ತದೆ.

ಇನ್ನೊಂದು ಮಾತು ಶಿಕ್ಷಕರಿಗೆ ಮುಖ್ಯ. ಅಂಜಿಕೆ ಬಹುಬೇಗ ಎಲ್ಲೆಡೆ ಹಬ್ಬುತ್ತದೆ. ಅಂಜಿಕೆ ಬೇಡವೆಂಬ ಕಲಿಕೆಯಾದರೋ ಕಲಿತ ಸನ್ನಿವೇಶಕ್ಕೇ ಹೆಚ್ಚಾಗಿ ಅಂಟಿಕೊಂಡಿರುತ್ತದೆ. ಸನ್ನಿವೇಶ ಬದಲಾದರೆ ಹಳೆಯ ಪ್ರತಿಕ್ರಿಯೆ ಮರಳುವುದನ್ನು ಮಾರ್ಕ್ ಬೌಟನ್ ಮತ್ತೆ ಮತ್ತೆ ತೋರಿಸಿದ್ದಾರೆ.

ಹಮ್ಮಿಗಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಆರನೆಯ ತರಗತಿಗೆ ಗಣಿತ ಪಾಠ ಮಾಡುತ್ತಿದ್ದರು. ಹಲಗೆಯ ಹತ್ತಿರ ಕರೆದರೆ ಕಣ್ಣೀರು ತುಂಬಿಕೊಳ್ಳುತ್ತಿದ್ದ ಹುಡುಗಿಯೊಬ್ಬಳಿದ್ದಳು. "ಬಾರವ್ವಾ, ತಪ್ಪಾದ್ರ ಇಬ್ಬರೂ ಕೂಡಿ ತಿದ್ದೂಣು" ಎನ್ನುತ್ತ ಅವರು ಮೂರು ವಾರ ಕಾದರು. ಆಮೇಲೆ ಅವಳೇ ಎದ್ದುಬಂದು ಭಿನ್ನರಾಶಿಯ ಲೆಕ್ಕ ಬಿಡಿಸತೊಡಗಿದಳು. ಅಂತಿಮ ಪಾಠದ ದಿನ ಹಿಂದಿನ ಬೆಂಚಿನಲ್ಲಿ ನಾವಿಬ್ಬರು ಪರೀಕ್ಷಕರು ಕುಳಿತಿದ್ದೆವು. ಹುಡುಗಿ ಏಳಲಿಲ್ಲ. ನನ್ನ ಜೊತೆಗಿದ್ದವರು 'ವಿದ್ಯಾರ್ಥಿಗಳ ಸಹಭಾಗಿತ್ವ ಕಡಿಮೆ' ಎಂದು ಗುರುತು ಹಾಕಿಕೊಂಡರು. ನಾನು ಒಪ್ಪಲಿಲ್ಲ. ಅಲ್ಲಿ ಬದಲಾಗಿದ್ದು ಬೋಧನೆಯಲ್ಲ, ಸನ್ನಿವೇಶ. ಬದಲಿಸಿದವರು ಪೆನ್ನು ಹಿಡಿದು ಕೂತಿದ್ದ ನಾವು.

ಹಾಗಾದರೆ ಏನು ಮಾಡಬೇಕು? ಒಂದು, ಪ್ರಶಿಕ್ಷಣಾರ್ಥಿಯನ್ನು ದಿನಕ್ಕೊಂದು ತರಗತಿಗೆ ಕಳಿಸದೆ, ಒಂದೇ ತರಗತಿಯಲ್ಲಿ ಹೆಚ್ಚು ದಿನ ಉಳಿಸಬೇಕು. ಎರಡು, ಧೈರ್ಯದ ಅನುಭವ ಹಲವು ಕಡೆ ಆಗಬೇಕು: ಹಲಗೆಯ ಮುಂದೆ, ಗುಂಪಿನಲ್ಲಿ, ಅಂಗಳದಲ್ಲಿ, ತರಗತಿಯ ಶಿಕ್ಷಕರ ಎದುರಿಗೂ. ಮೂರು, ಮೇಲ್ವಿಚಾರಕರು ಅಂಕ ಹಾಕುವ ದಿನವಷ್ಟೇ ಪ್ರತ್ಯಕ್ಷರಾಗದೆ, ಮೊದಲೇ ಹೋಗಿ ಮಕ್ಕಳಿಗೆ ಪರಿಚಿತರಾಗಬೇಕು. ನಾಲ್ಕು, ಮಗು ಮತ್ತೆ ಹಿಂಜರಿದರೆ ಅದನ್ನು ಸೋಲೆಂದು ಬಗೆಯದೆ, ಪಾಠ ಯೋಜನೆಯಲ್ಲಿ ಅದಕ್ಕೂ ಸಮಯ ಇಡಬೇಕು. 1924ರಲ್ಲಿ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಮಗುವಿನ ಮೊಲದ ಭಯ ಬಿಡಿಸಿದ್ದೂ ಒಂದೇ ದಿನದಲ್ಲಲ್ಲ. ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತರುತ್ತ ಹೋದರು. ನಡುವೆ ಭಯ ಮರುಕಳಿಸಿದಾಗ ಮತ್ತೆ ಮುಂದುವರಿಸಿದರು.

ಇಷ್ಟಕ್ಕೆ ಸಮಯವೆಲ್ಲಿದೆ, ಪಠ್ಯ ಮುಗಿಸುವುದು ಯಾವಾಗ ಎಂದು ಕೆಲವರು ಕೇಳಬಹುದು. ಅಂಜಿದ ಮಗುವಿನ ಮಟ್ಟಿಗೆ ಪಠ್ಯ ಶುರುವೇ ಆಗಿರುವುದಿಲ್ಲ ಎಂಬುದು ನನ್ನ ಉತ್ತರ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಒಮ್ಮೆ ಹುಟ್ಟಿದ ಅಂಜಿಕೆಯನ್ನು ಯಾವ ಕಾಯ್ದೆಯೂ ಇಳಿಸಲಾರದು. ಮೂರು ವಾರ ತಾಳ್ಮೆಯಿಂದ ಕಟ್ಟಿದ್ದನ್ನು ಒಂದು ಗದರಿಕೆ ಕೆಡಿಸಬಲ್ಲದು. ಆದ್ದರಿಂದ ಪ್ರಶಿಕ್ಷಣಾರ್ಥಿ ಶಾಲೆ ಬಿಡುವ ದಿನ, ಯಾವ ಮಗು ಯಾವುದಕ್ಕೆ ಅಂಜುತ್ತಿತ್ತು, ಏನು ಮಾಡಿದಾಗ ಎದ್ದುಬಂತು ಎಂಬುದನ್ನು ತರಗತಿಯ ಶಿಕ್ಷಕರಿಗೆ ತಿಳಿಸಿ ಹೋಗುವುದೂ ಪಾಠಾಭ್ಯಾಸದ ಭಾಗವಾಗಬೇಕು. ಅದಕ್ಕೂ ನಾವು ಅಂಕ ಇಡೋಣ.