ಅಜ್ಜಿಯ ಸೇವೆಗೆ ಲೆಕ್ಕ ಬೇಡವೇ?

ನಿಮ್ಮ ಮನೆಯ ಗೋಡೆಯ ಮೇಲೂ ಅಜ್ಜಿಯ ಒಂದು ಫೋಟೊ ಇರಬಹುದು. ಅದಕ್ಕೊಂದು ಗಂಧದ ಹಾರ, ಕೆಳಗೆ ಪುಟ್ಟ ಕೆಂಪು ಬಲ್ಬು. ವರ್ಷಕ್ಕೊಮ್ಮೆ ಪೇಪರಿಗೆ ಕೊಡುವ ಶ್ರದ್ಧಾಂಜಲಿಯಲ್ಲಿ ಎರಡು ಸಾಲು: ‘ತ್ಯಾಗಮಯಿ, ಸೇವೆಯೇ ಉಸಿರಾಗಿದ್ದವರು, ನಿಮ್ಮ ಆದರ್ಶವೇ ನಮಗೆ ದಾರಿದೀಪ.’ ಓದಲು ಚೆಂದ. ಆದರೆ ಒಂದು ಮಾತು ಕೇಳಲೇ? ಆ ಅಜ್ಜಿ ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದರು? ದಿನಕ್ಕೆ ಎಷ್ಟು ಕೊಡ ನೀರು ಸೇದುತ್ತಿದ್ದರು? ನಿಮ್ಮ ಅಪ್ಪನ ಶಾಲೆಯ ಫೀಸು ಯಾರ ಕೈಯಿಂದ ಹೋಗುತ್ತಿತ್ತು? ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು, ಹೇಳಿ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಮದುವೆಯಾಗಿ ಪೇಟೆ ಸೇರಿದ ನನ್ನಂಥವರಿಗೆ ಅಜ್ಜಿ ಎಂದರೆ ಮೊದಲು ನೆನಪಾಗುವುದು ಕುಚ್ಚಲಕ್ಕಿ ಗಂಜಿ, ಆಟಿ ಅಮಾವಾಸ್ಯೆಯ ಬೆಳಗ್ಗೆ ಕುಡಿಸುತ್ತಿದ್ದ ಹಾಲೆ ಮರದ ಕಹಿ ಕಷಾಯ. ಅದರ ಜೊತೆಗೇ ಇನ್ನೊಂದು ವಾಸನೆ ನೆನಪಾಗಬೇಕು. ಒದ್ದೆ ಎಲೆಯದು, ಹೊಗೆಸೊಪ್ಪಿನದು. ಹೌದು, ಬೀಡಿ! ಆ ಊರುಗಳಲ್ಲಿ ಬೀಡಿ ಕಟ್ಟದ ಅಜ್ಜಿಯರನ್ನು ಹುಡುಕುವುದೇ ಕಷ್ಟವಿತ್ತು. ಹಟ್ಟಿ ಕೆಲಸ, ಅಡುಗೆ, ಗುಡ್ಡೆಯಿಂದ ಸೊಪ್ಪು, ತರಗೆಲೆ ಹೊತ್ತು ತರುವುದು ಎಲ್ಲ ಮುಗಿಸಿ, ಜಗಲಿಯಲ್ಲಿ ಕಾಲು ಚಾಚಿ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಅದೇ ಅವರ ‘ವಿಶ್ರಾಂತಿ’.

ಆ ವಿಶ್ರಾಂತಿ ಹೇಗಿತ್ತು ಗೊತ್ತಾ? ಎಲೆ ನೀರಲ್ಲಿ ನೆನೆಸಬೇಕು, ಅಳತೆಗೆ ಸರಿಯಾಗಿ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತಿ, ತುದಿ ಮಡಚಿ ನೂಲು ಕಟ್ಟಬೇಕು. ಕೂಲಿಯ ಲೆಕ್ಕ ಸಾವಿರ ಬೀಡಿಗೆ. ಬ್ರಾಂಚಿಗೆ ಹೊತ್ತೊಯ್ದರೆ ಅಲ್ಲಿ ಒಂದೊಂದು ಕಟ್ಟು ನೋಡಿ ‘ಇದು ಸರಿಯಿಲ್ಲ’ ಎಂದು ಬದಿಗೆ ಹಾಕುವುದಿತ್ತು. ಕೊಟ್ಟ ಎಲೆ ಸಾಲದೆ ಬಂದರೆ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು. ಬೆನ್ನು ನೋವು, ಹೊಗೆಸೊಪ್ಪಿನ ಧೂಳಿಗೆ ಕೆಮ್ಮು, ಚಿಮಿಣಿ ದೀಪದಲ್ಲಿ ಮಂಜಾದ ಕಣ್ಣು, ಇದೆಲ್ಲ ಪುಕ್ಕಟೆ.

1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಜಾಗ ಮಾಡಿಕೊಂಡ ಕಥೆಯನ್ನು ಅಜ್ಜಂದಿರು ಹೇಳುತ್ತಾರೆ. ಆ ಜಾಗದಲ್ಲಿ ಅಡಿಕೆ ಸಸಿ ಫಲ ಕೊಡುವ ತನಕ ಒಲೆ ಉರಿಸಿದ್ದು ಎಷ್ಟೋ ಮನೆಗಳಲ್ಲಿ ಬೀಡಿಯ ದುಡ್ಡು. ಮಗನ ಹೈಸ್ಕೂಲು, ಮಗಳ ಕರಿಮಣಿ, ಸೊಸೆಯ ಬಾಣಂತನ... ಎಲ್ಲದರಲ್ಲೂ ಅದರ ಪಾಲಿದೆ. ಜಾಗದ ಆರ್‌ಟಿಸಿಯಲ್ಲಿ ಮಾತ್ರ ಅಜ್ಜನ ಹೆಸರು! ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬ ನಡೆಯುವುದೇ ತಾಯಿಯ ಕಡೆಯಿಂದ ಎಂದು ಹೆಮ್ಮೆ ಪಡುವ ನಾಡು ನಮ್ಮದು. ಅಲ್ಲೂ ಯಜಮಾನಿಕೆ ಹೆಚ್ಚಾಗಿ ಮಾವಂದಿರದ್ದೇ.

ಒಂದು ವಿಷಯ ಗಮನಿಸಿ. ನಾವು ‘ಸೇವೆ’ ಎಂದು ಕೈಮುಗಿದು ಸುಮ್ಮನಾಗಿದ್ದನ್ನು ಸರಕಾರ ‘ಕೆಲಸ’ ಎಂದು ಒಪ್ಪಿಕೊಂಡಿತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆ, ಮನೆಯಲ್ಲೇ ಕೂತು ಕಟ್ಟುವವಳೂ ಕಾರ್ಮಿಕಳೇ ಎಂದಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ಬಂತು. ಅದು ಮನೆಯಲ್ಲಿ ಕಟ್ಟುವವರಿಗೂ ಸಲ್ಲಬೇಕು ಎಂಬುದು 1985ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ಇತ್ಯರ್ಥವಾಯಿತು. ಪಿಂಚಣಿ ಕೊಡುವಾಗ ಭವಿಷ್ಯನಿಧಿ ಕಚೇರಿ ನೋಡುವುದು ಏನನ್ನು? ‘ಸೇವಾವಧಿ’ಯನ್ನು! ಇಷ್ಟು ವರ್ಷ, ಇಷ್ಟು ತಿಂಗಳು ಎಂದು ಅಲ್ಲಿ ಲೆಕ್ಕ ಉಂಟು ಮಾರಾಯ್ರೆ. ನಮ್ಮ ಶ್ರದ್ಧಾಂಜಲಿಯ ‘ಸೇವೆ’ಗೆ ಮಾತ್ರ ಲೆಕ್ಕವೇ ಇಲ್ಲ.

‘ಅಜ್ಜಿ ಪ್ರೀತಿಯಿಂದ ಮಾಡಿದ್ದಕ್ಕೆ ಲೆಕ್ಕ ಯಾಕೆ?’ ಎಂದು ನೀವು ಕೇಳಬಹುದು. ಪ್ರೀತಿ ಇತ್ತು, ಇಲ್ಲವೆಂದವರು ಯಾರು? ಆದರೆ ಲೆಕ್ಕ ಇಡದ ದುಡಿಮೆ ಬೇಗ ಮರೆತುಹೋಗುತ್ತದೆ. ಮರೆತ ಮೇಲೆ ಉಳಿಯುವುದು ಬರೀ ಉಪದೇಶ. ‘ನಮ್ಮಜ್ಜಿ ಹದಿನೈದು ಜನಕ್ಕೆ ಬಡಿಸುತ್ತಿದ್ದರು, ನಿನಗೆ ನಾಲ್ಕು ಜನಕ್ಕೇ ಸುಸ್ತಾ?’ ಎಂಬ ಮಾತು ಎಷ್ಟು ಸೊಸೆಯಂದಿರ ಕಿವಿಗೆ ಬಿದ್ದಿಲ್ಲ! ಬದುಕಿದ್ದಾಗ ಅಜ್ಜಿಯ ಕೈಯಿಂದ ಮೊರ ಇಳಿಸದವರು, ಸತ್ತ ಮೇಲೆ ಅದೇ ಅಜ್ಜಿಯನ್ನು ಸೊಸೆಯನ್ನು ಹೆದರಿಸುವ ಬೆತ್ತ ಮಾಡಿಕೊಳ್ಳುತ್ತಾರೆ. ಇದು ಅಜ್ಜಿಗೆ ಮಾಡುವ ಗೌರವವಂತೂ ಅಲ್ಲ. ಹದಿನೈದು ಜನಕ್ಕೆ ಬಡಿಸಿ ಕೊನೆಗೆ ತಳ ಹಿಡಿದ ಗಂಜಿ ಉಂಡ ಹೆಂಗಸು, ‘ನನ್ನ ಮೊಮ್ಮಗಳೂ ಹೀಗೇ ಬದುಕಲಿ’ ಎಂದು ಹಾರೈಸಿರಲಾರಳು. ಹಾಗೆ ಹಾರೈಸಿದ್ದರೆ ಬೀಡಿ ಕಟ್ಟಿ ಮಕ್ಕಳನ್ನು ಶಾಲೆಗೆ ಯಾಕೆ ಕಳಿಸುತ್ತಿದ್ದಳು?

ಹಾಗಾದರೆ ನಾವೇನು ಮಾಡಬಹುದು? ದೊಡ್ಡದೇನೂ ಬೇಡ.

ಅಜ್ಜಿ ಇನ್ನೂ ಇದ್ದರೆ, ಇಲ್ಲವೇ ಅವರನ್ನು ಕಂಡ ಅಮ್ಮ, ದೊಡ್ಡಮ್ಮ ಇದ್ದರೆ ಒಂದು ಮಧ್ಯಾಹ್ನ ಅವರ ಬಳಿ ಕೂತುಕೊಳ್ಳಿ. ‘ನಿಮ್ಮ ಕಷ್ಟ ಹೇಳಿ’ ಎನ್ನಬೇಡಿ. ‘ಅಯ್ಯೋ, ಎಂಥ ಕಷ್ಟ’ ಎಂದು ನಕ್ಕುಬಿಡುತ್ತಾರೆ. ‘ಎಷ್ಟಕ್ಕೆ ಏಳುತ್ತಿದ್ದಿರಿ? ದಿನಕ್ಕೆ ಎಷ್ಟು ಬೀಡಿ? ಸಾವಿರಕ್ಕೆ ಎಷ್ಟು ರೂಪಾಯಿ?’ ಎಂದು ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅವರು ತುಳುವಿನಲ್ಲೋ, ಬ್ಯಾರಿಯಲ್ಲೋ, ಕೊಂಕಣಿಯಲ್ಲೋ ಹೇಳಿದರೆ ಹಾಗೆಯೇ ಇರಲಿ.

ಎರಡನೆಯದು, ಕಾಗದಪತ್ರ. ಟ್ರಂಕಿನ ತಳದಲ್ಲಿ ಬೀಡಿಯ ಹಳೆಯ ಪಾಸ್‌ಪುಸ್ತಕ, ಪಿ.ಎಫ್. ಚೀಟಿ ಇದ್ದರೆ ರದ್ದಿಗೆ ಹಾಕಬೇಡಿ. 1995ರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ಇದ್ದವರಿಗೆ ತಿಂಗಳ ಪಿಂಚಣಿ ಉಂಟು. ತೀರಿಕೊಂಡವರ ಪಿ.ಎಫ್. ಹಣವನ್ನು ನಾಮಿನಿ ಕೇಳಬಹುದು. ಅಮ್ಮ, ಮಗಳು, ಸೊಸೆ ಎಲ್ಲರೂ ಕಟ್ಟಿದ ಬೀಡಿ ಒಂದೇ ಪುಸ್ತಕದಲ್ಲಿ ಹೋಗುತ್ತಿದ್ದುದೂ ಉಂಟು. ಹಾಗಾಗಿ ಯಾರ ಹೆಸರಿದೆ, ಆಧಾರಿನಲ್ಲಿ ಇರುವಂತೆಯೇ ಇದೆಯೇ ನೋಡಿ. ಪಿಂಚಣಿ ಬರುವ ಅಜ್ಜಿ ಇದ್ದರೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಮಾಡಿಸಿಕೊಡಿ. 2014ರಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿದರು. ನಮಗೆ ಅದು ಒಂದು ಹೋಟೆಲ್ ಊಟದ ಬಿಲ್ಲು. ಅಜ್ಜಿಗೆ ಮಾತ್ರ ಯಾರ ಮುಂದೂ ಕೈಚಾಚದೆ ಮಾತ್ರೆ ತರುವ ದುಡ್ಡು.

ಮೂರನೆಯದು, ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಸಾವಿರ ಕಂಬದ ಬಸದಿಗೆ, ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುತ್ತೀರಿ. ದಾರಿಯಲ್ಲೇ ಬಂಟ್ವಾಳದ ಬಿ.ಸಿ. ರೋಡಿನ ಹತ್ತಿರ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತು ಸಂಗ್ರಹಾಲಯವೂ ಉಂಟು. ರಾಣಿ ಅಬ್ಬಕ್ಕನ ಹೆಸರಿನ ಆ ಕೇಂದ್ರದಲ್ಲಿ ಹಿಂದಿನವರು ದಿನಾ ಬಳಸುತ್ತಿದ್ದ ಸಾಮಾನುಗಳನ್ನೇ ಜೋಪಾನ ಮಾಡಿದ್ದಾರೆ. ನಿಮ್ಮ ಅಜ್ಜಿಯ ಬೀಡಿಯ ಮೊರ, ಕತ್ತರಿಯೂ ಹಾಗೆ ಜೋಪಾನ ಮಾಡತಕ್ಕ ವಸ್ತುಗಳೇ.

ಕೊನೆಯದಾಗಿ ನಮ್ಮದೇ ಮಾತು. ಯಾರಾದರೂ ‘ಏನು ಮಾಡ್ತೀರಿ?’ ಎಂದು ಕೇಳಿದರೆ ‘ಸುಮ್ಮನೆ ಮನೆಯಲ್ಲಿದ್ದೇನೆ’ ಎನ್ನುತ್ತೇವಲ್ಲ, ಆ ‘ಸುಮ್ಮನೆ’ಯನ್ನು ಮೊದಲು ಬಿಡೋಣ. ನಮ್ಮ ದುಡಿಮೆಯನ್ನು ನಾವೇ ಸುಮ್ಮನೆ ಎಂದರೆ ನಾಳೆ ಮಕ್ಕಳು ‘ತ್ಯಾಗಮಯಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ, ಅಷ್ಟೆ. ಮುಂದಿನ ತಿಥಿಗೆ ಪೇಪರಿಗೆ ಕೊಡುವಾಗ ಅಜ್ಜಿಯ ಹೆಸರಿನ ಕೆಳಗೆ ನಿಜವಾದ ಒಂದು ಸಾಲು ಬರೆಸಿ ನೋಡಿ: ‘ನಲವತ್ತು ವರ್ಷ ಬೀಡಿ ಕಟ್ಟಿ ಐವರನ್ನು ಓದಿಸಿದವರು.’ ಜಾಹೀರಾತಿಗೆ ನಾಲ್ಕು ಕಾಸು ಹೆಚ್ಚಾದರೂ ಅಡ್ಡಿಯಿಲ್ಲ. ಅದನ್ನು ಓದಿದ ಮೊಮ್ಮಕ್ಕಳಿಗೆ ಅಜ್ಜಿ ಯಾರೆಂದು ತಿಳಿಯುತ್ತದೆ.